ಮರ ಒಡೆಯನದು, ಬಳ್ಳಿ ಒಕ್ಕಲಿನದು

ಬ್ರಿಟಿಷರ ಕಾಲದ ಮಲಬಾರಿನಲ್ಲಿ ಕಂದಾಯದವರು ತೋಟಕ್ಕೆ ಬಂದರೆಂದರೆ ಮೂರು ಬಗೆಯ ಮರಗಳನ್ನು ಎಣಿಸುತ್ತಿದ್ದರು: ತೆಂಗು, ಅಡಿಕೆ, ಹಲಸು. ಫಲ ಬಿಡುವ ಮರ ಎಷ್ಟು, ಇನ್ನೂ ಎಳೆಯವು ಎಷ್ಟು, ಮುದಿಯಾಗಿ ಫಲ ನಿಂತವು ಎಷ್ಟು ಎಂದು ಬೇರೆ ಬೇರೆಯಾಗಿ ಬರೆದುಕೊಂಡು ಅದರ ಮೇಲೆ ತೆರಿಗೆ ಕಟ್ಟುತ್ತಿದ್ದರು. ಅದೇ ತೋಟದ ಅಂಚಿನಲ್ಲಿ, ಒಕ್ಕಲಿನವರ ಗುಡಿಸಲ ಹಿಂದೆ, ಏರಿ ಮಾಡಿ ನೆಟ್ಟ ಸಿಹಿಗೆಣಸಿನ ಬಳ್ಳಿ ಹಬ್ಬಿರುತ್ತಿತ್ತು. ಅದು ಯಾವ ಪುಸ್ತಕಕ್ಕೂ ಏರಲಿಲ್ಲ. ನಾಲ್ಕು ತಿಂಗಳಿಗೆ ಅಗೆದು ತಿಂದು ಮುಗಿಸುವ ಬೆಳೆಯನ್ನು ಲೆಕ್ಕ ಬರೆಯುವುದಾದರೂ ಹೇಗೆ?

ಮನೆ ಹಿತ್ತಿಲಿಗೆ ಯಾವುದು ಒಳ್ಳೆಯದು, ಹಲಸೋ ಗೆಣಸೋ ಎಂದು ಇವತ್ತು ಕೇಳಿದರೆ ತೋಟಗಾರಿಕೆ ಬಲ್ಲವರು ಮಣ್ಣು, ಬಿಸಿಲು, ನೀರು, ಜಾಗದ ಅಳತೆ ಕೇಳುತ್ತಾರೆ. ಇತಿಹಾಸ ಕೇಳುವ ಪ್ರಶ್ನೆ ಬೇರೆ: ನೆಲ ಯಾರದು? ಎಷ್ಟು ವರ್ಷ ನಿಮ್ಮದಾಗಿಯೇ ಉಳಿಯುತ್ತದೆ? ಕರಾವಳಿ ಮತ್ತು ಮಲೆನಾಡಿನ ಹಿತ್ತಿಲುಗಳನ್ನು ಇನ್ನೂರು ವರ್ಷ ಹಿಂದಿನಿಂದ ನೋಡುತ್ತ ಬಂದರೆ, ಈ ಎರಡು ಬೆಳೆಗಳ ನಡುವಿನ ಗೆರೆ ಬಹುಮಟ್ಟಿಗೆ ಗೇಣಿ ಚೀಟಿಯ ಮೇಲೆ ಎಳೆದದ್ದೇ ಹೊರತು ಮಣ್ಣಿನ ಮೇಲಲ್ಲ.

ಹಲಸು ಈ ನೆಲದ್ದೇ. ಅದರ ತವರು ಪಶ್ಚಿಮ ಘಟ್ಟದ ಮಳೆಕಾಡು. ಹೊರಗಿನಿಂದ ಬಂದವರೆಲ್ಲ ಅದನ್ನು ಕಂಡು ಬೆರಗಾದದ್ದು ಅದು ಕೊಂಬೆ ಬಿಟ್ಟು ಕಾಂಡದಲ್ಲೇ ಕಾಯಿ ಬಿಡುವುದಕ್ಕೆ. 14ನೇ ಶತಮಾನದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಹಾದುಹೋದ ಮೊರಾಕ್ಕೊದ ಇಬ್ನ್ ಬತೂತ ಈ ಹಣ್ಣನ್ನು ಮನಸಾರೆ ಹೊಗಳಿದ್ದಾನೆ. ನೆಲದ ಹತ್ತಿರ ಬಿಟ್ಟ ಹಣ್ಣು ಮೇಲಿನದಕ್ಕಿಂತ ಸಿಹಿ ಎಂಬ ಊರವರ ತಿಳಿವಳಿಕೆಯನ್ನೂ ಬರೆದಿಟ್ಟಿದ್ದಾನೆ. ಎರಡು ಶತಮಾನದ ಬಳಿಕ ಬಂದ ಬಾಬರನಿಗೆ ಮಾತ್ರ ಅದು ಸೇರಲಿಲ್ಲ. ಕುರಿಯ ಹೊಟ್ಟೆಯನ್ನು ಒಳಹೊರಗು ಮಾಡಿದಂತೆ ಕಾಣುತ್ತದೆ, ಸಿಹಿಯೋ ವಾಕರಿಕೆ ಬರುವಷ್ಟು ಎಂದು ತನ್ನ ಆತ್ಮಕಥೆಯಲ್ಲಿ ಹೀಗಳೆದ. ತವರಿನ ಕರಬೂಜ ತಿಂದು ಕಣ್ಣೀರಿಡುವ ಮನುಷ್ಯ. ಅವನ ನಾಲಗೆಯನ್ನು ಹೆಚ್ಚು ನೆಚ್ಚಬೇಕಿಲ್ಲ.

ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಲಸಿನ ವಿವರವಿದೆ. ಅದಕ್ಕಿಂತ ದೊಡ್ಡ ಕೆಲಸ ನಡೆದದ್ದು ಕೊಚ್ಚಿಯಲ್ಲಿ. ಅಲ್ಲಿನ ಡಚ್ ಗವರ್ನರ್ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳ ಮೇಲೆ ಬರೆಸಿದ 'ಹೊರ್ತುಸ್ ಮಲಬಾರಿಕುಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಹೊರಬಂತು. ಈಳವ ವೈದ್ಯ ಇಟ್ಟಿ ಅಚ್ಯುತನ್ ಹೇಳಿದ ಗಿಡಮರಗಳ ಗುಣಗಳು ಅದರ ಬೆನ್ನೆಲುಬು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಜೊತೆಗಿದ್ದರು. ಅವರು ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವೂ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ಮೂರನೇ ಸಂಪುಟದಲ್ಲಿ ಹಲಸು ಪುಟ ತುಂಬ ಚಿತ್ರಗಳೊಂದಿಗೆ ಕೂತಿದೆ. ಏಳನೆಯದರಲ್ಲಿ ಸಿಹಿಗೆಣಸಿನ ಬಳ್ಳಿ ಇದೆ.

ಈ ಬಳ್ಳಿ ಅಲ್ಲಿರುವುದೇ ವಿಶೇಷ. ಏಕೆಂದರೆ ಸಿಹಿಗೆಣಸು ಅಮೆರಿಕ ಖಂಡದ್ದು. 1492ರಲ್ಲಿ ಕೊಲಂಬಸ್ ದಾರಿ ತೆರೆಯುವವರೆಗೆ ಇಂಡಿಯಾದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪದವರ ಕೈಗೆ ಅದಕ್ಕೂ ಮೊದಲೇ ಸಿಕ್ಕಿತ್ತು ಎಂಬುದು ಬೇರೆಯೇ ಕತೆ. ನಮ್ಮ ಕಡೆಗೆ ತಂದವರು ಪೋರ್ಚುಗೀಸರು, 16ನೇ ಶತಮಾನದಲ್ಲಿ. ರೀಡ್ ಪುಸ್ತಕ ಬರೆಸುವ ಹೊತ್ತಿಗೆ ಅದು ಪಶ್ಚಿಮ ಕರಾವಳಿಯ ಮಣ್ಣಿಗೆ ಎಷ್ಟು ಒಗ್ಗಿತ್ತೆಂದರೆ ಊರ ಗಿಡಗಳ ಪಟ್ಟಿಯಲ್ಲೇ ಸೇರಿಹೋಯಿತು.

ಇಷ್ಟು ಬೇಗ ಒಗ್ಗಲು ಕಾರಣವಿದೆ. ಗೆಡ್ಡೆ ಅಗೆದು ತಿನ್ನುವುದು ಇಲ್ಲಿನವರಿಗೆ ಹೊಸತಾಗಿರಲಿಲ್ಲ. ಹೆಗ್ಗೆಣಸು, ಮುಳ್ಳುಗೆಣಸು, ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ ಮೊದಲೇ ಇದ್ದವು. ಕಾಕನಕೋಟೆಯ ಕಡೆಯ ಜೇನುಕುರುಬರು ಕಾಡಿನ ನೂರೆ ಗೆಣಸನ್ನು ಅಗೆಯುವಾಗ ಬಳ್ಳಿಯ ಬುಡ ಉಳಿಸಿ ಮಣ್ಣು ಮುಚ್ಚಿ ಬರುತ್ತಾರೆ. ಮುಂದಿನ ವರ್ಷಕ್ಕೆ ಅದೇ ಬೀಜ. ಜೋಯಿಡಾದ ಕುಣಬಿಯರ ಅಂಗಳದಲ್ಲಿ ದೊಡ್ಡ ದೊಡ್ಡ ಮುಡ್ಲಿ ಗೆಡ್ಡೆ ಬೆಳೆಯುತ್ತದೆ. ಇಂಥವರ ನಡುವೆ ಬಂದಿಳಿದ ಅಮೆರಿಕದ ಗೆಣಸಿಗೆ ಪರಿಚಯದ ಅಗತ್ಯವೇ ಬೀಳಲಿಲ್ಲ. ಮೇಲಾಗಿ ಇದಕ್ಕೆ ಗೆಡ್ಡೆಯನ್ನೂ ಹೂಳಬೇಕಿಲ್ಲ. ಬಳ್ಳಿಯ ಒಂದು ಗೇಣು ತುಂಡು ಸಾಕು. ತಿನ್ನುವುದನ್ನು ತಿಂದು, ಬಿಸಾಡುವುದನ್ನು ನೆಡುವ ಬೆಳೆ ಬಡವನಿಗೆ ಬೇರೆ ಯಾವುದು ಸಿಕ್ಕೀತು?

ಹೀಗೆ ಬಂದದ್ದು ಮಡಿಗೂ ಸೇರಿಕೊಂಡಿತು. ಏಕಾದಶಿ, ಶಿವರಾತ್ರಿಯ ಉಪವಾಸಕ್ಕೆ ಅನ್ನ ವರ್ಜ್ಯ, ಬೇಯಿಸಿದ ಗೆಣಸು ನಡೆಯುತ್ತದೆ. ಹಳೆ ಮೈಸೂರಿನ ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ, ಗೆಣಸು ಬೇಯಿಸುವುದು ಅನಾದಿ ಕಾಲದ ಸಂಪ್ರದಾಯವೆಂದೇ ನಂಬಿಕೆ. ಈ ಮೂರರಲ್ಲಿ ಕಡಲೆಕಾಯಿ, ಗೆಣಸು ಎರಡೂ ಕೊಲಂಬಸನ ನಂತರದವು. ಹಳೆಯ ನೆಂಟ ಅವರೆ ಒಂದೇ.

ಈಗ ನೆಲದ ಮಾತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಕಂಪನಿ ಸರ್ಕಾರದ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಇಲ್ಲಿಗೆ ಬಂದು ಹಳೆಯ ದಾಖಲೆಗಳನ್ನು ತೆಗೆಸಿ ನೋಡಿದಾಗ ಕಂಡದ್ದು, ಬೇರೆಡೆ ತಾನು ಕಂಡಿರದಷ್ಟು ಗಟ್ಟಿಯಾದ ಖಾಸಗಿ ಭೂಮಾಲೀಕತ್ವ. ನೆಲದೊಡೆಯ ವರ್ಗದಾರ. ಅವನ ಕೆಳಗೆ ಎರಡು ಬಗೆಯ ಒಕ್ಕಲು. ಮೂಲಗೇಣಿಯವನದು ಶಾಶ್ವತ ಹಕ್ಕು. ನಿಗದಿಯಾದ ಗೇಣಿ ಕೊಡುತ್ತ ಹೋದರೆ ಮಕ್ಕಳು ಮೊಮ್ಮಕ್ಕಳವರೆಗೆ ಅವನನ್ನು ಎಬ್ಬಿಸುವಂತಿಲ್ಲ. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿ ಇರುವವನು. ಈ ವರ್ಷ ಅಕ್ಕಿಮುಡಿ ಅಳೆದು ಕೊಟ್ಟ, ಮುಂದಿನ ವರ್ಷ ಧಣಿಗೆ ಬೇರೆಯವನು ಹೆಚ್ಚು ಕೊಡುತ್ತೇನೆಂದ, ಇವನು ಗಂಟುಮೂಟೆ ಕಟ್ಟಿದ.

ಈ ಎರಡನೆಯವನ ಜಾಗದಲ್ಲಿ ನಿಂತು ಹಲಸಿನ ಬೀಜ ನೋಡಿ. ಬೀಜದಿಂದ ಹುಟ್ಟಿದ ಹಲಸು ಫಲಕ್ಕೆ ಬರಲು ಏಳೆಂಟು ವರ್ಷ ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ದಾರಂದ, ಕಂಬಕ್ಕೆ ಆಗುವಷ್ಟು ಕಾಂಡ ಬಲಿಯಲು ಒಂದು ತಲೆಮಾರು. ನೀರು ಹೊಯ್ದವನು ಅವನು, ದನ ಮೇಯದಂತೆ ಮುಳ್ಳು ಕಟ್ಟಿದವನು ಅವನು, ಎಬ್ಬಿಸಿದ ದಿನ ಮರ ಮಾತ್ರ ನೆಲದ ಜೊತೆ ಧಣಿಯ ಪಾಲು. ಗೆಣಸು ಹಾಗಲ್ಲ. ಮಳೆಗಾಲದಲ್ಲಿ ಬಳ್ಳಿ ನೆಟ್ಟರೆ ದೀಪಾವಳಿಯ ಆಸುಪಾಸಿಗೆ ಅಗೆಯಬಹುದು. ಒಕ್ಕಲೆಬ್ಬಿಸುವ ಧಣಿಯೂ ಅಷ್ಟು ಅವಸರದಲ್ಲಿರುವುದಿಲ್ಲ.

ಮಲಬಾರಿನವರು ಈ ಜಗಳಕ್ಕೆ ಮೊದಲಿನಿಂದಲೂ ಒಂದು ದಾರಿ ಕಂಡುಕೊಂಡಿದ್ದರು. ಕುಳಿಕ್ಕಾಣಂ ಎಂಬುದು ಅಲ್ಲಿನ ಒಂದು ಬಗೆಯ ಗುತ್ತಿಗೆ: ಪಾಳು ನೆಲದಲ್ಲಿ ಕುಳಿ ತೋಡಿ ತೆಂಗು, ಹಲಸು, ಅಡಿಕೆ ನೆಡುವವನಿಗೆ ಸಾಮಾನ್ಯವಾಗಿ ಹನ್ನೆರಡು ವರ್ಷದ ಭರವಸೆ, ಬಿಟ್ಟು ಹೋಗುವಾಗ ಅವನು ನೆಟ್ಟದ್ದಕ್ಕೆ ಪರಿಹಾರ. ಹನ್ನೆರಡು ವರ್ಷವೆಂಬ ಲೆಕ್ಕ ಹಲಸನ್ನು ನೋಡಿಯೇ ಇಟ್ಟಂತಿದೆ. 19ನೇ ಶತಮಾನದಲ್ಲಿ ನ್ಯಾಯಾಲಯಗಳ ಮೂಲಕ ಒಕ್ಕಲೆಬ್ಬಿಸುವುದು ಹೆಚ್ಚಿದಾಗ ಈ ಪದ್ಧತಿ ಮುರಿದುಬೀಳತೊಡಗಿತು. ಕೊನೆಗೆ ಮದ್ರಾಸ್ ಸರ್ಕಾರ 1887ರಲ್ಲಿ ಒಂದು ಕಾಯ್ದೆ ಮಾಡಿತು: ಒಕ್ಕಲು ಮಾಡಿದ ಸುಧಾರಣೆಗಳಿಗೆ, ನೆಟ್ಟ ಮರಗಳಿಗೂ ಸೇರಿ, ಪರಿಹಾರ ಕೊಡದೆ ಎಬ್ಬಿಸುವಂತಿಲ್ಲ. ಅದು ಸಾಲದೆ 1900ರಲ್ಲಿ ಹೊಸ ಕಾಯ್ದೆ ತರಬೇಕಾಯಿತು. ಒಂದು ಮರಕ್ಕೆ ಎಷ್ಟು ರೂಪಾಯಿ ಎಂದು ವಕೀಲರು ನ್ಯಾಯಾಲಯದಲ್ಲಿ ವಾದಿಸಿದ ಕಾಲ ಅದು. ಗೆಣಸಿಗಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಿರಲಾರರು.

ಇಲ್ಲೊಂದು ಮಾತು ಸೇರಿಸಲೇಬೇಕು. ಎಲ್ಲ ಹಲಸಿನ ಮರವನ್ನೂ ಯಾರೋ ನೆಟ್ಟದ್ದೆಂದು ತಿಳಿಯಬಾರದು. ಹಣ್ಣು ತಿಂದು ಉಗುಳಿದ ಬೇಳೆ, ದನ ತಿಂದು ಹಾಕಿದ ಬೇಳೆ, ಸಗಣಿಗುಂಡಿಯ ಬದಿಯಲ್ಲಿ ತಾನಾಗಿ ಮೊಳೆತ ಬೇಳೆ: ಮಲೆನಾಡಿನ ಅರ್ಧಕ್ಕರ್ಧ ಹಲಸು ಹೀಗೆ ಹುಟ್ಟಿದ್ದೇ ಇರಬೇಕು. ಆದರೆ ಹುಟ್ಟಿದ ಗಿಡವನ್ನು ಕಡಿಯದೆ ಉಳಿಸುವುದೂ ಒಂದು ತೀರ್ಮಾನವೇ. ಆ ತೀರ್ಮಾನ ಒಡೆಯನದು. ಅವನಿಗೆ ಮರದಿಂದ ಬರುವುದೂ ಬಹಳ. ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಒರಟು ತೊಗಟೆಯ ಕಾಂಡ. ಕಾಫಿಗೆ ನೆರಳು. ಆಡಿಗೆ ಸೊಪ್ಪು. ಗೆದ್ದಲು ಸುಲಭಕ್ಕೆ ಮುಟ್ಟದ ಹಳದಿ ನಾಟಾ. ತಂಜಾವೂರಿನ ವೀಣೆ ಹಲಸಿನದು, ಮೃದಂಗ ಹಲಸಿನದು, ಯಕ್ಷಗಾನದ ಚೆಂಡೆಯೂ ಹಲಸಿನದು.

ಇಷ್ಟಿದ್ದೂ ಹಣ್ಣಿಗೆ ಬೆಲೆ ಇರಲಿಲ್ಲ. ಮಾರುವವರಿಲ್ಲ, ಕೊಳ್ಳುವವರಿಲ್ಲ, ಕೇಳಿದವರಿಗೆಲ್ಲ ಕೊಟ್ಟು, ದನಕ್ಕೆ ಹಾಕಿ, ಉಳಿದದ್ದು ಬುಡದಲ್ಲೇ ಕೊಳೆಯುತ್ತಿತ್ತು. ಹಾಗಾಗಿ ಧಣಿಯ ಮರದ ಕಾಯಿ ಒಕ್ಕಲಿನ ಮನೆಯ ಭರಣಿಗೂ ಬಂತು, ಮಳೆಗಾಲದಲ್ಲಿ ಅವರ ಜೀವವನ್ನೂ ಹಿಡಿದಿಟ್ಟಿತು.

ತುಳುನಾಡಿನ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹಸಿವಿನ ತಿಂಗಳೆಂದೇ ಹೆಸರು. ನಾಟಿ ಮುಗಿದಿದೆ, ಕೂಲಿ ಇಲ್ಲ. ಹಳೆ ಭತ್ತ ಖಾಲಿ, ಹೊಸತು ಬರಲು ಇನ್ನೂ ಎರಡು ತಿಂಗಳು. ಆ ತಿಂಗಳಿಗಾಗಿ ಹೆಂಗಸರು ಬೇಸಿಗೆಯಲ್ಲೇ ದುಡಿಯುತ್ತಿದ್ದರು. ಬಲಿತ ಬಕ್ಕೆ ಹಲಸಿನ ಕಾಯಿ ಕೊಯ್ದು, ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು, ಮೇಣ ಒರೆಸಿ ತೊಳೆ ಬಿಡಿಸಿ, ಭರಣಿಯಲ್ಲಿ ಒಂದು ಪದರ ತೊಳೆ ಒಂದು ಪದರ ಉಪ್ಪು ಹಾಕಿ ಮೇಲೆ ಕಲ್ಲು ಹೇರುವುದು. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್, ಹವ್ಯಕರಲ್ಲಿ ಉಪ್ಪುಸೊಳೆ. ಮಳೆಗಾಲದಲ್ಲಿ ತೆಗೆದು ನೀರಲ್ಲಿ ನೆನೆಹಾಕಿ ಉಪ್ಪು ಬಿಡಿಸಿದರೆ ಪಲ್ಯಕ್ಕಾಯಿತು, ಅಕ್ಕಿಯ ಜೊತೆ ಅರೆದರೆ ರೊಟ್ಟಿಗಾಯಿತು, ಉಂಡೆ ಕಟ್ಟಿ ಕರಿದರೆ ಉಂಡ್ಲಕಾಳು. ಬೇಳೆಯನ್ನು ಉಪ್ಪು ಹಾಕಿ ಬೇಯಿಸಿ ಒಣಗಿಸಿದರೆ ಕಲ್ಲಿನಷ್ಟು ಗಟ್ಟಿಯಾದ ಸಾಂತಾಣಿ. ಮಳೆ ಸುರಿಯುವಾಗ ಕೂತು ಜಗಿಯಲು ಮಕ್ಕಳಿಗೆ ಅದೊಂದೇ ತಿಂಡಿ. ಹಸಿ ಬೇಳೆಗೆ ಕೆಮ್ಮಣ್ಣು ಮೆತ್ತಿ ಮೂಲೆಯಲ್ಲಿ ರಾಶಿ ಹಾಕಿಟ್ಟರೆ ತಿಂಗಳುಗಟ್ಟಲೆ ಸಾರಿಗೆ ಬರುತ್ತದೆ. ಹಪ್ಪಳ ಒತ್ತುವುದಂತೂ ಊರಿನ ಹೆಂಗಸರೆಲ್ಲ ಸೇರುವ ಕೆಲಸ. ಹಣ್ಣಾದ ಮೇಲೆ ಬೆಲ್ಲ, ಅಕ್ಕಿ ಸೇರಿಸಿ ಬಾಳೆಲೆ ಅಥವಾ ಸಾಗುವಾನಿ ಎಲೆಯಲ್ಲಿ ಬೇಯಿಸುವ ಕಡುಬು. ಎಲೆಯನ್ನೂ ಬಿಡಲಿಲ್ಲ: ನಾಲ್ಕು ಹಲಸಿನೆಲೆ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಿ ಅದರಲ್ಲಿ ಇಡ್ಲಿ ಹಿಟ್ಟು ಬೇಯಿಸುವುದು ಕರಾವಳಿಯ ಹಬ್ಬದಡುಗೆ.

ಗೆಣಸಿಗೆ ಇಂಥ ಅಡುಗೆಮನೆಯ ವೈಭವವಿಲ್ಲ. ಬೇಯಿಸಿ ತಿನ್ನು, ಕೆಂಡದಲ್ಲಿ ಸುಟ್ಟು ತಿನ್ನು. ಮಲೆನಾಡಿನಲ್ಲಿ ಗೆಣಸಿನ ಹಪ್ಪಳವಿದೆ, ಉತ್ತರ ಕರ್ನಾಟಕದಲ್ಲಿ ಗೆಣಸಿನ ಹೋಳಿಗೆ ಇದೆ. ಅಲ್ಲಿಗೆ ಹೆಚ್ಚುಕಡಿಮೆ ಪಟ್ಟಿ ಮುಗಿಯಿತು. ಅದರ ಬಲವೇ ಬೇರೆ. ಅದು ಕೆಡದಂತೆ ಇಡುವ ಭರಣಿ ಮಣ್ಣೇ. ಬೇಕಾದಾಗ ಬೇಕಾದಷ್ಟು ಅಗೆದರಾಯಿತು, ಉಳಿದದ್ದು ಕೆಲವು ವಾರ ನೆಲದಲ್ಲೇ ಇರುತ್ತದೆ. ಹೆಚ್ಚು ದಿನ ಬಿಟ್ಟರೆ ಮಾತ್ರ ಮೂತಿಹುಳು ಕೊರೆದು ಕಹಿ ಮಾಡುತ್ತದೆ.

ಬರಗಾಲ ಬಂದಾಗ ಪ್ರಭುಗಳೆಲ್ಲ ಈ ಬಳ್ಳಿಯ ಕಡೆಗೇ ನೋಡಿದ್ದಾರೆ. ಚೀನಾದ ಫೂಜಿಯಾನ್ ಪ್ರಾಂತದ ವ್ಯಾಪಾರಿ ಚೆನ್ ಝೆನ್‌ಲಾಂಗ್ 1593ರಲ್ಲಿ ಫಿಲಿಪ್ಪೀನ್ಸಿನ ಲುಝೋನಿನಿಂದ ಬಳ್ಳಿ ತಂದನೆಂದೂ, ಸ್ಪೇನಿನವರ ಕಣ್ಣು ತಪ್ಪಿಸಲು ಅದನ್ನು ಹಡಗಿನ ಹಗ್ಗಕ್ಕೆ ಹೊಸೆದಿದ್ದನೆಂದೂ ಅಲ್ಲಿನವರು ಹೇಳುತ್ತಾರೆ. ಮರುವರ್ಷವೇ ಬಿದ್ದ ಬರದಲ್ಲಿ ಪ್ರಾಂತಾಧಿಕಾರಿ ಅದನ್ನು ಎಲ್ಲೆಡೆ ನೆಡಿಸಿದ. ಜಪಾನಿನಲ್ಲಿ 1732ರ ಕ್ಷಾಮದ ಬಳಿಕ ಶೋಗುನ್ ಯೊಶಿಮುನೆಯ ಆಶ್ರಯದಲ್ಲಿ ಅಓಕಿ ಕೊನ್ಯೋ ಎಂಬ ವಿದ್ವಾಂಸ ಎದೋ ಪಟ್ಟಣದಲ್ಲಿ ಪ್ರಯೋಗಕ್ಕೆ ಬೆಳೆದು ತೋರಿಸಿದ. ಹಲಸಿನ ಪರವಾಗಿ ಹೀಗೆ ನಿಂತವರು ಕಡಿಮೆ. ಇರುವ ಒಬ್ಬರನ್ನು ಮರೆಯಲಾಗದು: ಶ್ರೀಲಂಕಾದ ಆರ್ಥರ್ ಡಯಸ್. 20ನೇ ಶತಮಾನದ ಮೊದಲರ್ಧದಲ್ಲಿ ಊರೂರಿಗೆ ಹಲಸಿನ ಸಸಿ ಹಂಚಿ ದೇಶದ ತುಂಬ ಹತ್ತು ಲಕ್ಷ ಮರ ನೆಡಿಸಬೇಕೆಂದು ಪಣತೊಟ್ಟವರು. ಸಿಂಹಳದಲ್ಲಿ ಹಲಸಿಗೆ ಕೋಸ್ ಎನ್ನುತ್ತಾರೆ. ಜನ ಅವರನ್ನು 'ಕೋಸ್ ಮಾಮ' ಎಂದೇ ಕರೆದರು. ಅನ್ನ ಕೊಡುವ ಮರವೆಂದು ಅದಕ್ಕೆ ಅಲ್ಲಿರುವ ಗೌರವ ಅದು ಹುಟ್ಟಿದ ನಮ್ಮ ಘಟ್ಟದಲ್ಲೂ ಇಲ್ಲ.

ನಮ್ಮಲ್ಲಿ 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಬರಿದಾಯಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಪೆಟ್ಟು ಹೆಚ್ಚಾಗಿ ಬಿದ್ದದ್ದು ರಾಗಿ, ಹುರುಳಿ ನಂಬಿದ್ದ ಬಯಲುಸೀಮೆಗೆ. ಹಲಸು ಗೆಣಸು ಇದ್ದಿದ್ದರೆ ಜನ ಉಳಿಯುತ್ತಿದ್ದರು ಎಂದು ಹೇಳುವುದು ಸುಲಭ, ಆದರೆ ಸುಳ್ಳು. ಎರಡು ವರ್ಷ ಮಳೆಯೇ ಬಾರದಿದ್ದರೆ ಬಳ್ಳಿ ಹಬ್ಬುವುದಿಲ್ಲ, ಮರ ಹೀಚು ಉದುರಿಸುತ್ತದೆ.

ಇನ್ನೊಂದು ಹಸಿವು ಮಳೆಯಿಂದ ಬಂದದ್ದಲ್ಲ, ಯುದ್ಧದಿಂದ ಬಂದದ್ದು. 1942ರಲ್ಲಿ ಬರ್ಮಾ ಜಪಾನಿನ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಪಶ್ಚಿಮ ಕರಾವಳಿ ಹೊರಗಿನ ಅಕ್ಕಿಯನ್ನು ನೆಚ್ಚಿಕೊಂಡಿದ್ದ ಸೀಮೆ. ರೇಷನ್ ಬಂತು, 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಸರ್ಕಾರಿ ಚಳವಳಿ ಬಂತು. ತಿರುವಿದಾಂಕೂರಿನಲ್ಲಿ 1880ರ ದಶಕದಲ್ಲಿ ವಿಶಾಖಂ ತಿರುನಾಳ್ ಮಹಾರಾಜರು ಆಸ್ಥೆಯಿಂದ ಹರಡಿದ್ದ ಮರಗೆಣಸು ಆಗ ಅಲ್ಲಿನ ಬಡವರ ಅನ್ನವಾಯಿತು. ಸ್ವಾತಂತ್ರ್ಯದ ಬಳಿಕವೂ ಗೆಡ್ಡೆಗಳ ಮೇಲಿನ ಭರವಸೆ ಹೋಗಲಿಲ್ಲ. ಅಕ್ಕಿ ಗೋಧಿಯ ಬದಲು ಗೆಣಸು, ಮರಗೆಣಸು ತಿನ್ನಿ ಎಂದು ದೆಹಲಿ ಸರ್ಕಾರವೇ ಪ್ರಚಾರ ಮಾಡಿತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ತನ್ನ ಮೊದಲ ವರ್ಷಗಳಲ್ಲೇ ಮರಗೆಣಸಿನ ಹಿಟ್ಟು, ಕಡಲೆಕಾಯಿ ಹಿಟ್ಟು ಬೆರೆಸಿ ಕೃತಕ ಅಕ್ಕಿ ಮಾಡಿತು. ಕಾಳು ಕಾಳಾಗಿ ಅಕ್ಕಿಯಂತೆಯೇ ಇತ್ತು. ಜನ ಮಾತ್ರ ಅದನ್ನು ಅಕ್ಕಿಯೆಂದು ಒಪ್ಪಲಿಲ್ಲ. ಇಷ್ಟೆಲ್ಲದರಲ್ಲಿ ಹಲಸಿನ ಹೆಸರು ಎತ್ತಿದವರು ಕಡಿಮೆ. ಇಂದು ನೆಟ್ಟು ಎಂಟು ವರ್ಷಕ್ಕೆ ಫಲ ಕೊಡುವ ಮರ ಯಾವ ಸರ್ಕಾರದ ಯೋಜನೆಗೂ ಹೊಂದುವುದಿಲ್ಲ.

ಕರಾವಳಿಯ ಹಿತ್ತಿಲಿನ ಲೆಕ್ಕಾಚಾರ ನಿಜಕ್ಕೂ ಬದಲಾದದ್ದು 1974ರ ಮಾರ್ಚ್ 1ರಂದು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ ಅಂದು ಜಾರಿಗೆ ಬಂತು. ಗೇಣಿ ಪದ್ಧತಿ ರದ್ದಾಯಿತು, ಉಳುವವನೇ ಹೊಲದೊಡೆಯ ಎಂಬುದು ಕಾನೂನಾಯಿತು. ದಕ್ಷಿಣ ಕನ್ನಡದಲ್ಲಿ ಚಾಲಗೇಣಿಯವರು ಸಾಲುಗಟ್ಟಿ ಡಿಕ್ಲರೇಶನ್ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. 'ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ' ಎಂಬ ಮಾತು ಅಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಮುಂದಿನ ವರ್ಷವೂ ಇದೇ ಮನೆಯಲ್ಲಿರುತ್ತೇನೆಂದು ತಲೆತಲಾಂತರದಲ್ಲಿ ಮೊದಲ ಬಾರಿಗೆ ಖಾತ್ರಿಯಾದ ಕುಟುಂಬಗಳು ಮೊದಲು ಮಾಡಿದ ಕೆಲಸಗಳಲ್ಲಿ ಮರ ನೆಡುವುದೂ ಒಂದು. ಮುಖ್ಯವಾಗಿ ಅಡಿಕೆ, ತೆಂಗು. ಹಲಸು ಅಂಗಳದ ಮೂಲೆಗೆ.

ಆದರೆ ಎಲ್ಲರಿಗೂ ಗದ್ದೆ ತೋಟ ಸಿಗಲಿಲ್ಲ. ಗೇಣಿ ಚೀಟಿಯೂ ಇಲ್ಲದೆ ಕೂಲಿ ಮಾಡಿಕೊಂಡಿದ್ದವರ ಪಾಲಿಗೆ ಬಂದದ್ದು ಐದು ಸೆಂಟ್ಸ್ ಮನೆ ನಿವೇಶನ. ಐದು ಸೆಂಟ್ಸ್ ಎಂದರೆ 2,178 ಚದರಡಿ. ಹಲಸಿನ ಮರಕ್ಕೆ ಸುತ್ತ ಹತ್ತು ಮೀಟರ್ ಅಂತರ ಬಿಡಬೇಕೆನ್ನುತ್ತಾರೆ ತೋಟಗಾರಿಕೆಯವರು. ಅಷ್ಟು ಅಗಲದ ಕೊಡೆ ಸುಮಾರು 850 ಚದರಡಿ ಮುಚ್ಚುತ್ತದೆ. ಮನೆ, ಬಾವಿ, ದಾರಿ ಕಳೆದರೆ ಉಳಿಯುವುದೆಲ್ಲ ಒಂದೇ ಮರದ ನೆರಳು. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿಗೆ ಬಂದರಂತೂ ಮಾತೇ ಬೇಡ: 1,200 ಚದರಡಿಯಲ್ಲಿ ಮೂರನೇ ಎರಡು ಪಾಲು ಮರಕ್ಕೇ. ಹಕ್ಕುಪತ್ರ ಕೈಗೆ ಬಂದರೂ ಅಳತೆ ಕೈಕೊಟ್ಟಿತು. ಹಳೆಯ ಗೆರೆ ಅಳಿಸಿ ಅದೇ ಜಾಗದಲ್ಲಿ ಹೊಸ ಗೆರೆ ಬಿತ್ತು. ಜಾಗವಿದ್ದವನಿಗೆ ಹಲಸು, ಇಲ್ಲದವನಿಗೆ ಗೆಣಸು.

ಈಚಿನ ಇಪ್ಪತ್ತು ವರ್ಷಗಳಲ್ಲಿ ಎರಡಕ್ಕೂ ಬೇರೆ ಬೇರೆ ರೀತಿಯ ಅದೃಷ್ಟ ತೆರೆದಿದೆ. ಹಲಸಿನ ಕಡೆ ಊರ ಕಣ್ಣು ತಿರುಗಿಸಿದ್ದರಲ್ಲಿ ಪುತ್ತೂರಿನ 'ಅಡಿಕೆ ಪತ್ರಿಕೆ' ಮತ್ತು ಅದರ ಸಂಪಾದಕ ಶ್ರೀಪಡ್ರೆಯವರ ಪಾಲು ದೊಡ್ಡದು. ಕೊಳೆತು ಹೋಗುವ ಹಣ್ಣಿನ ಬಗ್ಗೆ ಅವರು ವರ್ಷಗಟ್ಟಲೆ ಬಿಡದೆ ಬರೆದರು. ಊರೂರಲ್ಲಿ ಹಲಸಿನ ಮೇಳಗಳು ಶುರುವಾದವು. ದೊಡ್ಡಬಳ್ಳಾಪುರದ ತೂಬಗೆರೆ, ಚಿಕ್ಕಮಗಳೂರಿನ ಸಖರಾಯಪಟ್ಟಣದ ಹಣ್ಣುಗಳಿಗೆ ಊರಿನ ಹೆಸರೇ ಗುರುತಾಯಿತು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಕುಟುಂಬವೊಂದರ ಜಮೀನಿನಲ್ಲಿದ್ದ ಒಂಟಿ ಮರ ತಾಮ್ರಗೆಂಪು ತೊಳೆಯ, ಸರಾಸರಿ ಎರಡೂವರೆ ಕಿಲೋ ತೂಗುವ ಪುಟ್ಟ ಹಣ್ಣು ಬಿಡುತ್ತಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು 'ಸಿದ್ದು' ಎಂಬ ತಳಿಯಾಗಿ ಗುರುತಿಸಿ, ಕಸಿ ಗಿಡ ಮಾಡುವ ಹಕ್ಕನ್ನು 2017ರಲ್ಲಿ ಆ ಕುಟುಂಬಕ್ಕೇ ಕೊಟ್ಟಿತು. ಮರುವರ್ಷ ಕೇರಳ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ಒಂದೇ ಕುಟುಂಬ ಕೂತು ತಿಂದು ಮುಗಿಸುವ ಗಾತ್ರ, ಮೂರು ನಾಲ್ಕು ವರ್ಷಕ್ಕೇ ಫಲ ಕೊಡುವ ಕಸಿ: ಹಲಸಿನ ಮೇಲಿದ್ದ ಎರಡು ದೊಡ್ಡ ದೂರುಗಳು ಹೀಗೆ ತಗ್ಗಿದವು. ಉಳಿದದ್ದು ಆನೆ. ಕೊಡಗು, ಸಕಲೇಶಪುರದ ಕಾಫಿ ತೋಟಗಳಲ್ಲಿ ಹಣ್ಣಿನ ವಾಸನೆಗೆ ಆನೆ ಬರುತ್ತದೆಂದು ಕಾಯಿಯನ್ನು ಎಳೆಯದರಲ್ಲೇ ಕೊಯ್ದು ಎಸೆಯುವವರಿದ್ದಾರೆ.

ಗೆಣಸಿನ ಭಾಗ್ಯ ತೆರೆದದ್ದು ಮಾರುಕಟ್ಟೆಯಲ್ಲಿ, ಮತ್ತು ಬಣ್ಣದಲ್ಲಿ. ಬೆಳಗಾವಿ, ಖಾನಾಪುರದ ಕೆಮ್ಮಣ್ಣಿನಲ್ಲಿ ಮಳೆಯಾಶ್ರಿತವಾಗಿ ಬೆಳೆಯುವ ಗೆಣಸು, ಅಲ್ಲಿನವರ ಮಾತಲ್ಲಿ ರತಾಳೆ, ಬೆಳಗಾವಿಯ ಎಪಿಎಂಸಿಯಿಂದ ಲಾರಿಗಟ್ಟಲೆ ದೆಹಲಿಯ ಕಡೆಗೆ ಹೋಗುತ್ತದೆ. ಉತ್ತರದವರ ನವರಾತ್ರಿಯ ಉಪವಾಸಕ್ಕೆ ಅದು ಬೇಕು. 2016ರ ವಿಶ್ವ ಆಹಾರ ಪ್ರಶಸ್ತಿ ನಾಲ್ವರು ವಿಜ್ಞಾನಿಗಳಿಗೆ ಹೋಯಿತು. ಅವರಲ್ಲಿ ಮೂವರು ಆಫ್ರಿಕದ ಮಕ್ಕಳಿಗೆ ಎ ಜೀವಸತ್ವ ತುಂಬಿದ ಕಿತ್ತಳೆ ತಿರುಳಿನ ಗೆಣಸು ಮುಟ್ಟಿಸಿದವರು. ನಮ್ಮಲ್ಲೂ ತಿರುವನಂತಪುರದ ಶ್ರೀಕಾರ್ಯದಲ್ಲಿ 1963ರಿಂದ ಇರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಕಿತ್ತಳೆ ಬಣ್ಣದ 'ಭೂ ಸೋನಾ', ನೇರಳೆ ಬಣ್ಣದ 'ಭೂ ಕೃಷ್ಣ' ತಳಿಗಳನ್ನು ಕೊಟ್ಟಿದೆ. ಇವೆರಡಕ್ಕೂ ಹಿತ್ತಿಲು ಬೇಕೆಂದೇ ಇಲ್ಲ. ತಾರಸಿಯ ಮೇಲೆ ಮಣ್ಣು ತುಂಬಿದ ಗೋಣಿಚೀಲ ಸಾಕು.

ಹಾಗಾದರೆ ಯಾವುದು ನೆಡಬೇಕು? ಬಾಡಿಗೆ ಮನೆಯಾದರೆ ಗೆಣಸು, ಯೋಚನೆಯೇ ಬೇಡ. ಸ್ವಂತ ಮನೆ, ಐದು ಸೆಂಟ್ಸಿಗಿಂತ ಹೆಚ್ಚು ಜಾಗ, ಗೋಡೆಯಿಂದ ಐದಾರು ಮೀಟರ್ ದೂರ ಬಿಡಲು ಸಾಧ್ಯವೆಂದಾದರೆ ಕಸಿ ಹಲಸು. ಹಬ್ಬುವ ಕೊಂಬೆಗಳನ್ನು ವರ್ಷವರ್ಷ ಸವರುತ್ತಿದ್ದರೆ ಮರ ಹತೋಟಿಯಲ್ಲಿರುತ್ತದೆ. ಅದರ ನೆರಳು ಹರಡುವ ಮುನ್ನ, ಮೊದಲ ಮೂರು ವರ್ಷ, ಬುಡದಿಂದ ಒಂದು ಮಾರು ಬಿಟ್ಟು ಸುತ್ತಲೂ ಗೆಣಸಿನ ಬಳ್ಳಿ ಹಬ್ಬಿಸಬಹುದು. ಬೀಜದ ಮರವೇ ಬೇಕೆಂಬ ಹಟವಿದ್ದವರು ಒಂದನ್ನು ನೆನಪಿಡಿ: ಹಲಸಿನ ಬೇಳೆ ಒಣಗಿಸಿ ಇಟ್ಟರೆ ಮೊಳೆಯುವುದಿಲ್ಲ, ಹಣ್ಣು ಬಿಡಿಸಿ ತಿಂಗಳಾಗುವುದರೊಳಗೆ ಮಣ್ಣಿಗೆ ಹಾಕಬೇಕು. ಜೂನ್ ಮಳೆ ಶುರುವಾದಾಗ ಹಾಕಿ. ಗೆಣಸಿನ ಬಳ್ಳಿಗೂ ಅದೇ ಹೊತ್ತು.